ಹಳೆಯ ಕನ್ನಡ ಚಿತ್ರವನ್ನು ಊರಿನಲ್ಲಿ ತೋರಿಸುವ ಮುನ್ನ: ಪ್ರತಿ, ಪ್ರಸಾರ ಮತ್ತು ಹಕ್ಕುಸ್ವಾಮ್ಯ

ದಾವಣಗೆರೆ, ಚಿತ್ರದುರ್ಗದ ಕಡೆ ಹಳೆಯ ಚಿತ್ರಗಳ ಅಭಿಮಾನಿಗಳು ಸೇರಿದಲ್ಲೆಲ್ಲ ಎರಡು ಪ್ರಶ್ನೆಗಳು ಏಳುತ್ತವೆ. ಇಂಥ ಚಿತ್ರದ ಒಳ್ಳೆಯ ಪ್ರತಿ ಎಲ್ಲಿ ಸಿಗುತ್ತದೆ ಎಂಬುದು ಒಂದು. ಸಿಕ್ಕರೆ ಅದನ್ನು ನಾಲ್ಕು ಜನರ ಮುಂದೆ ತೋರಿಸಬಹುದೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಕಂಡುಕೊಳ್ಳುವುದು ಸರಿಯಾದ ಕ್ರಮ, ಏಕೆಂದರೆ ಡಿಸ್ಕ್ ಕೊಂಡವರಿಗೆ ಆ ಡಿಸ್ಕಿನ ಮೇಲೆ ಒಡೆತನ ಬರುತ್ತದೆಯೇ ಹೊರತು ಅದರೊಳಗಿನ ಚಿತ್ರದ ಮೇಲೆ ಬರುವುದಿಲ್ಲ.

ಮೊದಲು ಬಿಡುಗಡೆಯ ವರ್ಷವನ್ನು ಖಚಿತ ಮಾಡಿಕೊಳ್ಳಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು, ಅದು ಪ್ರಕಟವಾದ ವರ್ಷದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1964ರಲ್ಲಿ ತೆರೆಕಂಡ ಚಿತ್ರದ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿದಿದೆ. 1965ರ ಚಿತ್ರದ್ದು 2025ರ ಡಿಸೆಂಬರ್ 31ರವರೆಗೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚಿತ್ರದ ಆರಂಭದಲ್ಲಿ ಕಾಣುವ ಸೆನ್ಸಾರ್ ಪ್ರಮಾಣಪತ್ರದ ಮೇಲಿನ ದಿನಾಂಕ ಪ್ರಮಾಣಪತ್ರ ಕೊಟ್ಟ ದಿನವೇ ಹೊರತು ಬಿಡುಗಡೆಯ ದಿನವಲ್ಲ. ಡಿಸೆಂಬರ್ ಕೊನೆಯಲ್ಲಿ ಸೆನ್ಸಾರ್ ಆಗಿ ಸಂಕ್ರಾಂತಿಗೆ ತೆರೆಕಂಡ ಚಿತ್ರದ ಲೆಕ್ಕದಲ್ಲಿ ಇಡೀ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಆ ಕಾಲದ ದಿನಪತ್ರಿಕೆಯ ಜಾಹೀರಾತನ್ನು ಗ್ರಂಥಾಲಯದಲ್ಲಿ ಹುಡುಕಿ ನೋಡಿದರೆ ಸಂದೇಹ ಉಳಿಯುವುದಿಲ್ಲ.

ಆದರೆ ಚಿತ್ರದ ಹಕ್ಕು ಮುಗಿದರೆ ಎಲ್ಲವೂ ಮುಗಿಯಿತು ಎಂದು ತಿಳಿಯಬಾರದು. ನಮ್ಮವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಮಲೆಬೆನ್ನೂರಿನಲ್ಲಿ ಹುಟ್ಟಿದ ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿದ ‘ಚಂದವಳ್ಳಿಯ ತೋಟ’ ತೆರೆಕಂಡದ್ದು 1964ರಲ್ಲಿ. ಚಿತ್ರವೆಂಬ ಕೃತಿಗೆ ಇದ್ದ ರಕ್ಷಣೆಯ ಅವಧಿ ಮುಗಿದಿದೆ. ಆದರೆ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ನಂತರದ 60 ವರ್ಷಗಳಿಗೆ ಸೇರಿದ್ದು. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಆದ್ದರಿಂದ ಕಾದಂಬರಿಯ ಹಕ್ಕು 2044ರ ಕೊನೆಯವರೆಗೆ ಇರುತ್ತದೆ. ಹಾಡುಗಳ ಸಾಹಿತ್ಯಕ್ಕೂ ಸಂಗೀತಕ್ಕೂ ಇದೇ ಲೆಕ್ಕ. ಚಿತ್ರದ ಮೇಲಿನ ಹಕ್ಕು ಅದರೊಳಗಿನ ಬೇರೆ ಕೃತಿಗಳ ಹಕ್ಕನ್ನು ಬಾಧಿಸುವುದಿಲ್ಲವೆಂದು ಕಾಯ್ದೆಯ 13ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹೀಗಾಗಿ 1964ಕ್ಕಿಂತ ಹಿಂದಿನ ಚಿತ್ರವಾದರೂ ಮೂಲ ಕಥೆ ಯಾರದು, ಹಾಡು ಬರೆದವರು ಯಾರು, ಸಂಗೀತ ಯಾರದು ಎಂಬುದನ್ನು ಟೈಟಲ್ ಕಾರ್ಡಿನಿಂದ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿ ಹೆಸರಿನ ಮುಂದೆ ಅವರು ತೀರಿಕೊಂಡ ವರ್ಷವನ್ನು ನಮೂದಿಸಿಕೊಳ್ಳಬೇಕು.

ದುರ್ಗದವರಿಗೆ ಅಚ್ಚುಮೆಚ್ಚಿನ ‘ನಾಗರಹಾವು’ 1972ರ ಚಿತ್ರ. ಅದರ ಹಕ್ಕು 2032ರ ಕೊನೆಯವರೆಗೆ ಜೀವಂತವಾಗಿರುತ್ತದೆ. ಕೋಟೆಯ ಕೆಳಗೇ ತೋರಿಸುತ್ತೇವೆ, ಟಿಕೆಟ್ ಇಡುವುದಿಲ್ಲ ಎಂಬ ಕಾರಣಗಳು ಅನುಮತಿಯ ಸ್ಥಾನದಲ್ಲಿ ನಿಲ್ಲುವುದಿಲ್ಲ. ಹೊಸದಾಗಿ ಬಣ್ಣ ತುಂಬಿದ ಅಥವಾ ಡಿಜಿಟಲ್ ರೂಪಕ್ಕೆ ತಂದ ಪ್ರತಿಯ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ‘ಸತ್ಯ ಹರಿಶ್ಚಂದ್ರ’ 1965ರಲ್ಲಿ ಕಪ್ಪು ಬಿಳುಪಿನಲ್ಲಿ ಬಂದ ಚಿತ್ರ, ಬಣ್ಣದ ಪ್ರತಿ ಬಿಡುಗಡೆಯಾದದ್ದು 2008ರಲ್ಲಿ. ಮೂಲ ಚಿತ್ರದ ಅವಧಿಯ ಲೆಕ್ಕವನ್ನು ಬಣ್ಣದ ಪ್ರತಿಗೆ ಅನ್ವಯಿಸದೆ, ಅದನ್ನು ಸಿದ್ಧಪಡಿಸಿದವರನ್ನು ಕೇಳಿಯೇ ಬಳಸುವುದು ಕ್ಷೇಮ.

ಟಿವಿಯಿಂದ ರೆಕಾರ್ಡ್ ಮಾಡಿದ ಪ್ರತಿಗಳು ನಮ್ಮಲ್ಲಿ ಬಹಳ ಇವೆ. ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ, ಪ್ರಸಾರವಾದ ಮರುವರ್ಷದ ಆರಂಭದಿಂದ 25 ವರ್ಷಗಳ ಪ್ರತ್ಯೇಕ ಹಕ್ಕು ಉಂಟು. ಚಿತ್ರ ಎಷ್ಟೇ ಹಳೆಯದಾಗಿರಲಿ, ಮೂಲೆಯಲ್ಲಿ ವಾಹಿನಿಯ ಲಾಂಛನ ಕಾಣುವ ರೆಕಾರ್ಡಿಂಗನ್ನು ಹಂಚುವುದು, ಅಂತರ್ಜಾಲಕ್ಕೆ ಏರಿಸುವುದು ಆ ಹಕ್ಕಿಗೆ ಧಕ್ಕೆ ತರುತ್ತದೆ. ಮನೆಯಲ್ಲಿ ತಾನು ನೋಡಲು ಇಟ್ಟುಕೊಂಡದ್ದರ ಮಾತು ಬೇರೆ.

ಇನ್ನು ಪ್ರತಿಯ ಗುಣಮಟ್ಟ. ಹಳೆಯ ಕ್ಯಾಸೆಟ್ ಅಂಗಡಿಗಳು ಮುಚ್ಚುವಾಗ ಮಾರಿದ ವಿಸಿಡಿಗಳು ಈಗಲೂ ಕೈಯಿಂದ ಕೈಗೆ ಓಡಾಡುತ್ತಿವೆ. ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದದ ಚುಕ್ಕಿಗಳಷ್ಟೇ. ಡಿವಿಡಿಯದು 720 ಮತ್ತು 576. ದೊಡ್ಡ ಪರದೆಗೆ ವಿಸಿಡಿಯನ್ನು ಹಾಯಿಸಿದರೆ ರಾತ್ರಿಯ ದೃಶ್ಯಗಳಲ್ಲಿ ಕಲಾವಿದರ ಮುಖ ಚೌಕಚೌಕವಾಗಿ ಒಡೆದು ಕಾಣುತ್ತದೆ, ಅಂಥ ಪ್ರದರ್ಶನದಿಂದ ಚಿತ್ರಕ್ಕೆ ಅನ್ಯಾಯವಾಗುತ್ತದೆ ಎಂದೇ ನನ್ನ ಅಭಿಪ್ರಾಯ. ಡಿಸ್ಕನ್ನು ಕೊಳ್ಳುವಾಗ ದೀಪಕ್ಕೆ ಎದುರು ಹಿಡಿದು ನೋಡಿ: ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಒಳಗಿನ ಬೆಳ್ಳಿಬಣ್ಣದ ಪದರ ಕಿತ್ತುಹೋಗಿದೆ ಎಂದರ್ಥ, ಯಾವ ಉಜ್ಜುವಿಕೆಯೂ ಅದನ್ನು ಸರಿಪಡಿಸದು. ಕವರಿನ ಹಿಂಬದಿಯಲ್ಲಿ ‘ಮನೆಯಲ್ಲಿ ವೀಕ್ಷಿಸಲು ಮಾತ್ರ’ ಎಂಬ ಅರ್ಥದ ಸಾಲು ಸಾಮಾನ್ಯವಾಗಿ ಇರುತ್ತದೆ. ಅದೇ ಜಾಗದಲ್ಲಿ ಹಕ್ಕು ಪಡೆದ ಕಂಪನಿಯ ಹೆಸರೂ ಇರುವುದರಿಂದ, ಹುಡುಕಾಟದ ಮೊದಲ ಸುಳಿವು ಸಿಗುವುದು ಅಲ್ಲಿಯೇ.

ಆ ಕಂಪನಿಯ ಬಳಿ ಇರುವುದು ಹೋಂ ವಿಡಿಯೋ ಹಕ್ಕು ಮಾತ್ರವಾಗಿರಬಹುದು; ಸ್ಯಾಟಲೈಟ್ (ಟಿವಿ ಪ್ರಸಾರದ) ಹಕ್ಕು ಒಬ್ಬರಲ್ಲಿ, ಚಿತ್ರಮಂದಿರದ ಹಕ್ಕು ನಿರ್ಮಾಪಕರ ಕುಟುಂಬದಲ್ಲಿ ಇರುವುದು ಸಾಮಾನ್ಯ ಸಂಗತಿ. ಕಾಯ್ದೆಯ ಪ್ರಕಾರ ಚಿತ್ರದ ಕರ್ತೃ ನಿರ್ಮಾಪಕರು, ಹಾಗಾಗಿ ಅವರಿಂದಲೇ ಆರಂಭಿಸಬೇಕು. ವಿಳಾಸ ತಿಳಿಯದಿದ್ದರೆ ಬೆಂಗಳೂರಿನ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ವಿಚಾರಿಸಬಹುದು. ಫೋನಿನಲ್ಲಿ ‘ಆಯ್ತು, ತೋರಿಸಿಕೊಳ್ಳಿ’ ಎಂದರೆ ಸಾಲದು, ಅನುಮತಿ ಲಿಖಿತವಾಗಿಯೇ ಇರಬೇಕೆಂಬುದು ಕಾಯ್ದೆಯ ಮಾತು. ಪತ್ರದಲ್ಲಿ ಚಿತ್ರದ ಹೆಸರು, ವರ್ಷ, ದಿನಾಂಕ, ಸಭಾಂಗಣ, ಆಸನಗಳ ಸಂಖ್ಯೆ, ಟಿಕೆಟ್ ಉಂಟೋ ಇಲ್ಲವೋ ಎಂಬುದು ಮತ್ತು ಯಾವ ಪ್ರತಿಯಿಂದ ತೋರಿಸುತ್ತೀರಿ ಎಂಬುದನ್ನು ಬರೆಯಿರಿ. ಉತ್ತರ ಕೊಡುವವರು ಹಕ್ಕನ್ನು ಬೇರೆಯವರಿಂದ ಕೊಂಡವರಾದರೆ ಆ ಕರಾರಿನ ಅವಧಿಯನ್ನು ವಿನಯದಿಂದ ಕೇಳಿ. ಕರಾರಿನಲ್ಲಿ ಅವಧಿಯನ್ನೇ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ಪರಿಗಣಿಸುತ್ತದೆ. ಕಾರ್ಯಕ್ರಮದ ನಡುವೆ ಸ್ಥಳೀಯ ಗಾಯಕರಿಂದ ಅದೇ ಚಿತ್ರದ ಹಾಡುಗಳನ್ನು ಹಾಡಿಸುವ ಆಲೋಚನೆಯಿದ್ದರೆ ಗೀತರಚನೆಕಾರರ, ಸಂಗೀತ ಸಂಯೋಜಕರ ಹಕ್ಕುಗಳನ್ನು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿಯನ್ನೂ ಪ್ರತ್ಯೇಕವಾಗಿ ಪಡೆಯಬೇಕು.

ಹಕ್ಕು ಮುಗಿದ ಚಿತ್ರಕ್ಕೂ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. 2023ರ ತಿದ್ದುಪಡಿಯ ನಂತರ ಅದಕ್ಕೆ ಹತ್ತು ವರ್ಷಗಳ ಮಿತಿಯಿಲ್ಲ. ಶಾಲೆ, ಕಾಲೇಜುಗಳಿಗೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ: ಪ್ರೇಕ್ಷಕರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಿಸಿದವರು ಮಾತ್ರವಾಗಿದ್ದು, ಪ್ರದರ್ಶನ ಸಂಸ್ಥೆಯ ಚಟುವಟಿಕೆಯ ಭಾಗವಾಗಿದ್ದರೆ ಅದು ಉಲ್ಲಂಘನೆಯಾಗುವುದಿಲ್ಲ. ದಾವಣಗೆರೆಯಂಥ ಕಾಲೇಜುಗಳ ಊರಿನಲ್ಲಿ ಈ ಅವಕಾಶವನ್ನು ಇನ್ನೂ ಹೆಚ್ಚು ಬಳಸಿಕೊಳ್ಳಬೇಕು.

ಕೊನೆಯದಾಗಿ, ಮುಚ್ಚಿದ ಟಾಕೀಸಿನ ಕೋಣೆಯಲ್ಲೋ ಹಳೆಯ ಹಂಚಿಕೆದಾರರ ಗೋದಾಮಿನಲ್ಲೋ ರೀಲು ಡಬ್ಬಿಗಳು ಸಿಕ್ಕರೆ ಪ್ರೊಜೆಕ್ಟರಿಗೆ ಹಾಕಿ ಓಡಿಸಲು ಹೋಗಬೇಡಿ, ಉಳಿದಿರುವ ಪ್ರತಿ ಅದೊಂದೇ ಆಗಿರಬಹುದು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ನಮಗಿಲ್ಲ. ಮುಚ್ಚಳ ತೆಗೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯುತ್ತಿದೆ ಎಂದು ತಿಳಿದು, ಆ ಡಬ್ಬಿಗಳನ್ನು ಉಳಿದವುಗಳಿಂದ ಬೇರೆಯಿಟ್ಟು, ತಂಪಾದ ಒಣ ಜಾಗದಲ್ಲಿ ಅಡ್ಡಡ್ಡಲಾಗಿ ಮಲಗಿಸಬೇಕು. ಡಬ್ಬಿಯ ಮೇಲಿನ ಬರಹದ ಫೋಟೋ ತೆಗೆದು, ಎಷ್ಟು ರೀಲುಗಳಿವೆ ಎಂಬುದನ್ನು ಬರೆದು, ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ. ಅದು ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಆಶ್ರಯದಲ್ಲಿದೆ. ರೀಲು ಸಂಗ್ರಹಾಲಯಕ್ಕೆ ಹೋದರೂ ಚಿತ್ರದ ಹಕ್ಕು ಇದ್ದವರಲ್ಲೇ ಉಳಿಯುತ್ತದೆ ಎಂಬುದನ್ನು ಡಬ್ಬಿಯ ಮಾಲೀಕರಿಗೆ ಮೊದಲೇ ವಿವರಿಸಿದರೆ ಅವರು ಕೊಡಲು ಹಿಂಜರಿಯುವುದಿಲ್ಲ.