ಮಕ್ಕಳ ಬೇಸ್‌ಬಾಲಿಗೆ ಅಂಪೈರ್ ಆಗಿ ನಿಲ್ತಿದ್ದೀರಾ? ಮೊದ್ಲು ಕ್ರಿಕೆಟ್ ಮರೀರಿ

ಅಮೆರಿಕಾದಲ್ಲಿ ಮಗನೋ ಮಗಳೋ ಲಿಟಲ್ ಲೀಗ್, ಅಂದ್ರೆ ಮಕ್ಕಳ ಬೇಸ್‌ಬಾಲ್ ಲೀಗ್, ಆಡ್ತಿದ್ರೆ ಯಾವ್ದೋ ಒಂದು ಶನಿವಾರ ಕೋಚ್ ಬಂದು "ಅಂಪೈರ್ ಬಂದಿಲ್ಲ, ನೀವು ನಿಂತ್ಕೋತೀರಾ" ಅಂತ ಕೇಳೇ ಕೇಳ್ತಾರೆ, ಎಷ್ಟೋ ಲೀಗಲ್ಲಿ ದುಡ್ಡಿಲ್ದೆ ಬರೋ ಅಪ್ಪಅಮ್ಮಂದ್ರೇ ಅಂಪೈರ್‌ಗಳು. ನ್ಯೂಜೆರ್ಸಿಲಿ ನಾನೂ ಹಿಂಗೇ ಸಿಕ್ಕಾಕೊಂಡಿದ್ದು, ನಾಲ್ಕು ಸೀಸನ್ ಆಯ್ತು.

ನಮ್ಮೋರಿಗಿರೋ ದೊಡ್ಡ ತೊಂದ್ರೆ ಕ್ರಿಕೆಟ್ ಅಭ್ಯಾಸ. ಡೌಟ್ ಬಂದ್ರೆ ಬ್ಯಾಟ್ಸ್‌ಮನ್ ಕಡೆ, ಯಾರೂ ಕೂಗ್ದಿದ್ರೆ ಸುಮ್ನಿರು. ಇಲ್ಲಿ ಅದು ನಡೆಯಲ್ಲ, ಬ್ಯಾಟ್ ಬೀಸದೆ ಬಿಟ್ಟ ಪ್ರತಿ ಪಿಚ್‌ಗೂ (ಇಲ್ಲಿ ಪಿಚ್ ಅಂದ್ರೆ ಬ್ಯಾಟರ್‌ಗೆ ಎಸೆಯೋ ಎಸೆತ, ನೆಲ ಅಲ್ಲ) ಬಾಲೋ ಸ್ಟ್ರೈಕೋ ನೀವೇ ಹೇಳ್ಬೇಕು, ಡೌಟ್ ಇದೆ ಅಂತ ಯಾರ ಕಡೆಗೂ ವಾಲೋ ಹಾಗಿಲ್ಲ.

ಸ್ಟ್ರೈಕ್ ಝೋನಿಂದಲೇ ಶುರು ಮಾಡೋಣ, ಜಗಳ ಆಗೋದೇ ಅಲ್ಲಿ. ಎಸೆತ ಈ ಝೋನ್ ಒಳಗೆ ಹೋದ್ರೆ ಸ್ಟ್ರೈಕ್, ಹೊರಗೆ ಹೋದ್ರೆ ಬಾಲ್. ಬ್ಯಾಟರ್ ಮುಂದೆ ನೆಲದಲ್ಲಿರೋ ಪ್ಲೇಟಿನ ಅಗಲ 17 ಇಂಚು, ಬಾಲಿನ ಒಂದು ಅಂಚು ಪ್ಲೇಟಿನ ಒಂದು ಅಂಚಿನ ಮೇಲೆ ಹೋದ್ರೂ ಸ್ಟ್ರೈಕ್. ಎತ್ತರಕ್ಕೆ ಲಿಟಲ್ ಲೀಗಲ್ಲಿ ಕಂಕುಳಿಂದ ಮಂಡಿಯ ಮೇಲ್ತುದಿವರೆಗೆ. ಟಿವೀಲಿ ನೋಡೋ ಮೇಜರ್ ಲೀಗ್ (ವೃತ್ತಿಪರರ ಲೀಗ್) ಝೋನ್ ಬೇರೆ, ಅದನ್ನ ತಲೇಲಿಟ್ಕೊಂಡು ಬರ್ಬೇಡಿ. ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಮತ್ತು ಬ್ಯಾಟರ್ ನಡುವಿನ ಸಂದೀಲಿ ತಲೆ ಇಟ್ಟು, ಪ್ರತಿ ಪಿಚ್‌ಗೂ ಅದೇ ಎತ್ತರ, ಅದೇ ಜಾಗ. ನೀವೇ ಅತ್ತಿತ್ತ ಅಲ್ಲಾಡಿದ್ರೆ ಝೋನೂ ಅಲ್ಲಾಡುತ್ತೆ. ಬಾಲ್ ಗ್ಲವ್‌ಗೆ ಬಿದ್ಮೇಲೆ ಒಂದು ಉಸಿರು ತಗೊಂಡು ಆಮೇಲೆ ಕೂಗಿ, ಅವಸರದಲ್ಲಿ ಕೂಗಿದ್ದೇ ಜಾಸ್ತಿ ತಪ್ಪಾಗೋದು. ಮೊದಲ್ನೇ ಇನ್ನಿಂಗ್ಸಲ್ಲಿ ಮಂಡಿ ಹತ್ರದ ಬಾಲನ್ನ ಸ್ಟ್ರೈಕ್ ಅಂದಿದ್ರೆ ಕೊನೇ ಇನ್ನಿಂಗ್ಸಲ್ಲೂ ಸ್ಟ್ರೈಕೇ, ಅಳೋ ಮುಖ ಮಾಡ್ಕೊಂಡು ನಿಂತಿರೋ ಹುಡುಗ ನಿಮ್ಮ ಮಗನೇ ಆಗಿದ್ರೂ.

ಬ್ಯಾಟರ್ ಹೊಡೆದು ಓಡಿ ಮುಟ್ಟಬೇಕಾದ ಫಸ್ಟ್ ಬೇಸಲ್ಲಿ ಕಣ್ಣು ಬ್ಯಾಗ್ (ಬೇಸ್) ಮೇಲೆ, ಕಿವಿ ಫೀಲ್ಡರ್ ಗ್ಲವ್ ಕಡೆ. ಬಾಲ್ ಬಿದ್ದ ಸದ್ದು ಮೊದ್ಲಾ, ಕಾಲು ತಗುಲಿದ್ದು ಮೊದ್ಲಾ, ಅಷ್ಟೇ. "ಟೈ ಆದ್ರೆ ರನ್ನರ್‌ಗೆ" ಅಂತ ಬೇಲಿ ಆಚೆಯಿಂದ ಕೂಗ್ತಾರೆ, ಹಂಗೊಂದು ವಾಕ್ಯ ರೂಲ್‌ಬುಕ್ಕಲ್ಲಿಲ್ಲ. ಪಿಚ್ ಬ್ಯಾಟರ್ ಕೈಗೆ ಬಡಿದಾಗ "ಕೈ ಬ್ಯಾಟಿನ ಭಾಗ" ಅನ್ನೋದೂ ಬರೀ ಬಾಯಿಮಾತು, ಕೈ ಬ್ಯಾಟರ್‌ದು.

ಇನ್‌ಫೀಲ್ಡ್ ಫ್ಲೈ ಬಗ್ಗೆ ಮಾತ್ರ ಸ್ವಲ್ಪ ಹೊತ್ತು ಕೂತು ಓದಿ. ಫಸ್ಟ್, ಸೆಕೆಂಡಲ್ಲಿ ರನ್ನರ್ ಇದ್ದಾರೆ ಅಥವಾ ಮೂರೂ ಬೇಸ್ ತುಂಬಿದೆ, ಎರಡಕ್ಕಿಂತ ಕಮ್ಮಿ ಔಟ್, ಫೇರ್ ಜಾಗದಲ್ಲಿ (ಫೌಲ್ ಗೆರೆಗಳ ಒಳಗೆ) ಮೇಲಕ್ಕೆ ಹೋದ ಬಾಲನ್ನ ಇನ್‌ಫೀಲ್ಡರ್ (ಬೇಸ್‌ಗಳ ಹತ್ರ ನಿಲ್ಲೋ ಫೀಲ್ಡರ್) ಮಾಮೂಲಿ ಪ್ರಯತ್ನಕ್ಕೇ ಹಿಡೀಬಹುದು, ಆಗ ಹಿಡಿದ್ರೂ ಬಿಟ್ರೂ ಬ್ಯಾಟರ್ ಔಟ್. ಬಂಟ್‌ಗೂ (ಬೀಸದೆ ಬ್ಯಾಟಿಂದ ಮೆಲ್ಲಗೆ ತಟ್ಟೋದು) ಲೈನ್ ಡ್ರೈವ್‌ಗೂ (ನೇರವಾಗಿ ಜೋರಾಗಿ ಹೋಗೋ ಹೊಡೆತ) ಇದಿಲ್ಲ. ನನ್ನ ಎರಡನೇ ಮ್ಯಾಚಲ್ಲಿ ನಾನು "ಇನ್‌ಫೀಲ್ಡ್ ಫ್ಲೈ" ಅಂತ ಕೂಗೋದೇ ಮರೆತೆ, ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲೋ) ಹುಡುಗ ಕೈಗೆ ಬಂದಿದ್ದನ್ನ ಬಿಟ್ಟ, ಎತ್ಕೊಂಡು ಥರ್ಡ್‌ಗೆ ಎಸೆದ, ಅಲ್ಲಿಂದ ಸೆಕೆಂಡ್‌ಗೆ, ಒಂದೇ ಬಾಲಿಗೆ ಎರಡು ಔಟ್, ಡಬಲ್ ಪ್ಲೇ! ಕ್ಯಾಚ್ ಆಗುತ್ತೆ ಅಂತ ಬ್ಯಾಗಿಂದ ಅಲ್ಲಾಡದೆ ನಿಂತಿದ್ದ ಇಬ್ರು ಮಕ್ಕಳೂ ಔಟು. ಆ ಮೋಸ ತಡೆಯೋಕೇ ರೂಲ್ ಇರೋದು ಅಂತ ಕೋಚ್ ಬಂದು ಹೇಳಿದಾಗ ನನ್ನತ್ರ ಉತ್ರ ಇರ್ಲಿಲ್ಲ. ಅವತ್ತಿಂದ ಬೇಸಲ್ಲಿ ರನ್ನರ್‌ಗಳು ಆ ರೂಲಿಗೆ ಬೇಕಾದ ಹಾಗೆ ಸೇರಿದ ತಕ್ಷಣ ಜೊತೆ ಅಂಪೈರ್‌ಗೆ ಸನ್ನೆ ಮಾಡ್ತೀನಿ, ಪಿಚ್ ಬೀಳೋಕ್ಮುಂಚೆನೇ. "ಮಾಮೂಲಿ" ಅಂದ್ರೆ ಆ ಲೀಗಿನ ಮಕ್ಕಳಿಗೆ ಮಾಮೂಲಿ, ಹತ್ತು ವರ್ಷದೋರಿಂದ ಯಾಂಕೀಸ್ ಥರದ ಮೇಜರ್ ಲೀಗ್ ಟೀಮಿನ ಆಟ ಬಯಸ್ಬೇಡಿ.

ಒಂದ್ಕಡೆ ಮಾತ್ರ ಕ್ರಿಕೆಟ್ ಬುದ್ಧಿ ಉಪಯೋಗಕ್ಕೆ ಬರುತ್ತೆ: ರನ್ನರ್ ಬೇಸ್ ಮುಟ್ಟದೆ ಓಡಿದ್ರೆ, ಅಥವಾ ಬ್ಯಾಟಿಂಗ್ ಆರ್ಡರ್ ತಪ್ಪಿ ಯಾರೋ ಬಂದ್ರೆ, ನಿಮಗೆ ಕಂಡ್ರೂ ಬಾಯಿ ಬಿಡ್ಬೇಡಿ. ಎದುರು ಟೀಮ್ ಅಪೀಲ್ ಮಾಡಿದ್ರೆ ಮಾತ್ರ.

ಕೋಚ್ ವಾದಕ್ಕೆ ಬಂದಾಗ ಮೊದ್ಲು ಕೇಳ್ಕೊಳ್ಳಿ, ಇವ್ರು ಹೇಳ್ತಿರೋದು ನಾನು ಕಂಡಿದ್ದು ತಪ್ಪು ಅಂತಾನಾ, ಇಲ್ಲ ರೂಲ್ ತಪ್ಪಾಗಿ ಹಾಕಿದ್ದೀನಿ ಅಂತಾನಾ? ಔಟು, ಸೇಫು, ಬಾಲು, ಸ್ಟ್ರೈಕು ಇವೆಲ್ಲ ನೀವು ಕಂಡಿದ್ದು, ಅದರ ಮೇಲೆ ವಾದ ಇಲ್ಲ. ರೂಲ್ ವಿಷ್ಯ ಆದ್ರೆ ಕೇಳ್ಬೇಕು, ಜೊತೆಯೋರನ್ನ ವಿಚಾರಿಸ್ಬೇಕು, ತಪ್ಪಿದ್ರೆ ಸರಿ ಮಾಡ್ಬೇಕು. ಆದ್ರೆ ಹಿಂದಿನ ತಪ್ಪಿಗೆ ಸಮ ಮಾಡೋಕೆ ಅಂತ ಮುಂದಿನ ತೀರ್ಪು ಆ ಟೀಮಿಗೆ ಕೊಡ್ಬೇಡಿ, ಆಗ ಎರಡು ತಪ್ಪಾಗುತ್ತೆ.

ಗಲಾಟೆ ತುಂಬಾ ಜೋರಾದ್ರೆ ಜೇಬಿಂದ ಬ್ರಶ್ ತೆಗೆದು, ಮೈದಾನಕ್ಕೆ ಬೆನ್ನು ಹಾಕಿ, ಪ್ಲೇಟ್ ಗುಡಿಸಿ. ಧೂಳಿಲ್ದಿದ್ರೂ ಪರ್ವಾಗಿಲ್ಲ.