ಕಲಬುರಗಿ ಬಿಸಿಲಲ್ಲೂ ನಿಂತ ಅಂಕಿ: ಇಲಿ ಮೂತ್ರಪಿಂಡಕ್ಕೆ ರಕ್ತ ತಡೆದು ಬಿಡುವ ಪ್ರಯೋಗ, ನನ್ನ ಅನುಭವ

ಈ ಪ್ರಯೋಗ ಕಲಬುರಗಿಯಲ್ಲಿ ಆಗೋದಿಲ್ಲ, ಹೈದರಾಬಾದಿಗೆ ಹೋಗಿ ಮಾಡಿಸಿ ಅಂದವರೇ ಹೆಚ್ಚು. ಈಗ ಗಂಡು ವಿಸ್ಟಾರ್ ಇಲಿಗೆ (ಪ್ರಯೋಗಾಲಯದ ಬಿಳಿ ಇಲಿ ತಳಿ) ಎರಡೂ ಮೂತ್ರಪಿಂಡಗಳ ರಕ್ತನಾಳಕ್ಕೆ 45 ನಿಮಿಷ ಕ್ಲಿಪ್ ಹಾಕಿ ಬಿಟ್ಟರೆ, 24 ಗಂಟೆಗೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಕೆಟ್ಟಷ್ಟೂ ಏರುವ ಅಂಶ) ಡೆಸಿಲೀಟರಿಗೆ ಹೆಚ್ಚುಕಡಿಮೆ 2ರಿಂದ 2.5 ಮಿಲಿಗ್ರಾಂ ಒಳಗೇ ಬರುತ್ತದೆ, ಮೇ ಇರಲಿ ಡಿಸೆಂಬರ್ ಇರಲಿ. ಮೊದಲು ಒಂದಕ್ಕೆ 0.8 ಬಂದರೆ ಪಕ್ಕದ್ದಕ್ಕೆ 4 ಬರುತ್ತಿತ್ತು. ಕೆಲವು ರಾತ್ರಿಯೇ ಸಾಯುತ್ತಿದ್ದವು.

ಎಲ್ಲರೂ ಕ್ಲಿಪ್ಪಿನ ಮೇಲೆ ಅನುಮಾನ ಪಡುತ್ತಾರೆ. ಆಟ ಇರುವುದು ಮೈ ಬಿಸಿಯಲ್ಲಿ. ಕೆಟಮಿನ್-ಜೈಲಜಿನ್ ಅರಿವಳಿಕೆ ಕೊಟ್ಟ ಇಲಿ ಎಸಿ ಕೋಣೆಯಲ್ಲಿ 34 ಡಿಗ್ರಿಗೆ ಇಳಿಯುತ್ತದೆ, ಮೂತ್ರಪಿಂಡ ಪೆಟ್ಟಾಗದೆ ಉಳಿದುಬಿಡುತ್ತದೆ. ಎಸಿ ನಿಂತು, ಮೇಲೆ ದೀಪವೂ ಉರಿಯುತ್ತಿದ್ದರೆ, 39 ದಾಟಿ ಸಾಯುತ್ತದೆ. ಹಾಗಾಗಿ ಎಸಿ 26ಕ್ಕೆ, ಅಡಿಯಲ್ಲಿ 12 ವೋಲ್ಟಿನ ಬಿಸಿ ಪ್ಯಾಡ್, ಗುದದಲ್ಲಿ ಸೆನ್ಸರ್, ಬಿಸಿಯನ್ನು ತಾನೇ ಹೆಚ್ಚುಕಡಿಮೆ ಮಾಡುವ ಪಿಐಡಿ ಕಂಟ್ರೋಲರಿನಲ್ಲಿ 37. ವಿದೇಶಿ ಯಂತ್ರಕ್ಕೆ ಲಕ್ಷಗಳ ಮಾತು. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬಿಡಿಭಾಗ ತಂದು ಕೂಡಿಸಿದ್ದಕ್ಕೆ ಎರಡೂವರೆ ಮೂರು ಸಾವಿರ ಆಯಿತು, ಕೆಲಸ ಮಾತ್ರ ಅದರಷ್ಟೇ ನಿಖರ. ಮೈ 37ಕ್ಕೆ ಬಂದು ಹತ್ತು ನಿಮಿಷ ನಿಲ್ಲುವ ತನಕ ಕ್ಲಿಪ್ ಮುಟ್ಟಬೇಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ಮುಗಿಸುವುದೇ ಲೇಸು.

ಕ್ಲಿಪ್ ಬಿದ್ದ ಕೂಡಲೇ ಮೂತ್ರಪಿಂಡ ಕೆಂಪಿನಿಂದ ಕಪ್ಪು ನೇರಳೆಗೆ ತಿರುಗಬೇಕು. ತುದಿಯಲ್ಲಿ ತುಸು ಗುಲಾಬಿ ಉಳಿದರೆ ಒಂದು ಸಣ್ಣ ಕವಲು ತಪ್ಪಿಸಿಕೊಂಡಿದೆ ಅಂತ. ತೆಗೆದ ಮೇಲೆ ಒಂದೆರಡು ನಿಮಿಷದಲ್ಲಿ ಬಣ್ಣ ಪೂರ್ತಿ ಮರಳಬೇಕು. ಮಚ್ಚೆ ಮಚ್ಚೆಯಾಗಿ ನಿಂತರೆ ಆ ಇಲಿಯನ್ನು ಲೆಕ್ಕದಿಂದ ಬಿಡಿ. ಇಲಿ ಒಂದಕ್ಕೆ ಸಾಗಣೆ ಸೇರಿ ಆರೇಳು ನೂರು ಬೀಳುತ್ತದೆ, ಆದರೂ ಬಿಡಿ. ನೋವಿಗೆ ಮೆಲಾಕ್ಸಿಕಾಂ ಕೊಟ್ಟರೆ ಅದು ಉರಿಯೂತವನ್ನೂ ಇಳಿಸುವುದರಿಂದ ಉರಿಯೂತದ ಅಂಕಿಯೇ ಕೆಡುತ್ತದೆ. ಬ್ಯುಪ್ರಿನಾರ್ಫಿನ್‌ಗೆ (ಅದರ ಬದಲಿಗೆ ಕೊಡುವ ನೋವು ನಿವಾರಕ) ನೈತಿಕ ಸಮಿತಿಯಿಂದ ಮೊದಲೇ ಒಪ್ಪಿಗೆ ಪಡೆದಿರಿ. ಕ್ಲಿಪ್ಪಿನ ಬಾಯಿಗೆ ನಾನು ಏನು ತೊಡಿಸುತ್ತೇನೆ ಎನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ಇನ್ನು ಎಂಡಿಎ, ಅಂದರೆ ಮ್ಯಾಲೊನ್‌ಡೈಆಲ್ಡಿಹೈಡ್: ಅಂಗಾಂಶದ ಕೊಬ್ಬು ಉತ್ಕರ್ಷಿಸಿದಾಗ ಹುಟ್ಟುವುದು, ಟಿಬಿಎ (ಥಯೋಬಾರ್ಬಿಟ್ಯೂರಿಕ್ ಆಮ್ಲ) ಹಾಕಿ ಕುದಿಸಿ ಬರುವ ಗುಲಾಬಿ ಬಣ್ಣದಿಂದ ಅಳೆಯುವುದು. ಅಂಗಾಂಶದಲ್ಲಿ ರಕ್ತ ಉಳಿದರೆ ಹಿಮೋಗ್ಲೋಬಿನ್ನಿನ ಕಬ್ಬಿಣವೇ ಕುದಿಸುವಾಗ ಕೊಬ್ಬನ್ನು ಉತ್ಕರ್ಷಿಸಿ ಸುಳ್ಳು ಬಣ್ಣ ಕೊಡುತ್ತದೆ. ತಣ್ಣನೆ ಸಲೈನ್ ಹಾಯಿಸಿ ಮೂತ್ರಪಿಂಡ ಬಿಳಿಚಿದ ಮೇಲೇ ಕತ್ತರಿಸಿ, ಅರೆಯುವಾಗಲೇ ಉತ್ಕರ್ಷಣ ತಡೆಯುವ ಬಿಎಚ್‌ಟಿ ಹಾಕಿ. ಹಳೆಯ ವಿಧಾನದಂತೆ 1.15% ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಅರೆದು ಸೋಡಿಯಂ ಡೊಡೆಸಿಲ್ ಸಲ್ಫೇಟ್ ಎಂಬ ಮಾರ್ಜಕ, ಅಂದರೆ ಎಸ್‌ಡಿಎಸ್ ಸುರಿದರೆ ನಳಿಕೆ ಮೊಸರಿನಂತೆ ಬೆಳ್ಳಗಾಗುತ್ತದೆ: ಪೊಟ್ಯಾಸಿಯಂ ಡೊಡೆಸಿಲ್ ಸಲ್ಫೇಟ್ ತಣ್ಣನೆ ನೀರಲ್ಲಿ ಹೆಚ್ಚು ಕರಗದು. ಸೋಡಿಯಂ ಫಾಸ್ಫೇಟ್ ಬಫರ್, 50 ಮಿಲಿಮೋಲಾರ್, ಪಿಎಚ್ 7.4, ಇದಕ್ಕೆ ಬದಲಾಯಿಸಿದರೆ ಈ ಕಾಟವೇ ಇಲ್ಲ. 95 ಡಿಗ್ರಿಯಲ್ಲಿ ಒಂದು ಗಂಟೆ, ತಣ್ಣಗಾದ ಮೇಲೆ ಬಣ್ಣವನ್ನು ಬ್ಯುಟನಾಲಿಗೆ ಎಳೆದು 532 ನ್ಯಾನೋಮೀಟರಿನ ಬೆಳಕಿನಲ್ಲಿ ಓದಿ.

ನಡುವೆ ನಮ್ಮೂರ ತೊಗರಿ ಹೊಟ್ಟಿನ ಸಾರವನ್ನೂ ಕೊಟ್ಟು ನೋಡಿದೆ. ನಳಿಕೆಯಲ್ಲಿ ಡಿಪಿಪಿಎಚ್ (ಉತ್ಕರ್ಷಣ ತಡೆಯುವ ಶಕ್ತಿ ಪರೀಕ್ಷಿಸುವ ನೇರಳೆ ರಾಸಾಯನಿಕ) ಬಣ್ಣ ಚೆನ್ನಾಗಿ ಇಳಿಸಿತು. ಇಲಿಯಲ್ಲಿ ಎಂಡಿಎ ತುಸು ಇಳಿದರೂ ಕ್ರಿಯಾಟಿನಿನ್ ಅಲುಗಲಿಲ್ಲ. ಬರೀ ಡಿಪಿಪಿಎಚ್ ನಂಬಿ ಔಷಧಿ ಅನ್ನುವವರು ಇದನ್ನು ಒಮ್ಮೆ ಮಾಡಿ ನೋಡಲಿ.

ಮಾದರಿ ಇಡಲು −20ರ ಫ್ರೀಜರ್ ಸಾಲದು. ಕರೆಂಟ್ ಹೋಗಿ ಬಂದಂತೆಲ್ಲ ಎಂಡಿಎ ತಾನಾಗಿ ಏರುತ್ತದೆ. ದನಗಳ ಕೃತಕ ಗರ್ಭಧಾರಣೆಗೆ ಬಳಸುವ ದ್ರವ ಸಾರಜನಕ ಇಲ್ಲೇ ಸಿಗುತ್ತದೆ. ಸಣ್ಣ ಜಾಡಿಯೊಂದಿದ್ದರೆ ಸಾಕು. ಗ್ಲುಟಾಥಿಯೋನ್ (ಜೀವಕೋಶವನ್ನು ಉತ್ಕರ್ಷಣದಿಂದ ಕಾಯುವ ಅಂಶ) ಮಾತ್ರ ಹಾಗಿಟ್ಟರೂ ಉಳಿಯುವುದಿಲ್ಲ, ಕತ್ತರಿಸಿದ ದಿನವೇ 412 ನ್ಯಾನೋಮೀಟರಿನಲ್ಲಿ ಓದಿಬಿಡಿ.