ನೆರೆದೇಶಗಳ ಚಿನ್ನದ ಉತ್ಪಾದನೆಯನ್ನು ಹೋಲಿಸುವ ಬಗೆ

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ, ಅದಕ್ಕೆ ತಾಗಿಕೊಂಡಿರುವ ಘಾನಾ ಮತ್ತು ಮಾಲಿ ಈ ಮೂರೂ ಚಿನ್ನ ತೆಗೆಯುವ ದೇಶಗಳು. ಇವುಗಳ ಉತ್ಪಾದನೆಯ ಏರಿಳಿತವನ್ನು ಹೋಲಿಸಲು ಕುಳಿತವರು ಮೊದಲು ಅಳತೆಯನ್ನು ಸರಿಪಡಿಸಿಕೊಳ್ಳಬೇಕು. ಗಣಿ ಕಂಪನಿಗಳು ಟ್ರಾಯ್ ಔನ್ಸಿನಲ್ಲಿ ಲೆಕ್ಕ ಕೊಡುತ್ತವೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ವಾರ್ಷಿಕ ಪಟ್ಟಿಗಳು ಟನ್ನಿನಲ್ಲಿರುತ್ತವೆ. ಒಂದು ಟ್ರಾಯ್ ಔನ್ಸ್ ಎಂದರೆ 31.1035 ಗ್ರಾಂ, ಆದ್ದರಿಂದ 40 ಲಕ್ಷ ಔನ್ಸ್ ಸುಮಾರು 124.4 ಟನ್ ಆಗುತ್ತದೆ. ಅದನ್ನೇ 28.35 ಗ್ರಾಂ ತೂಗುವ ಸಾಮಾನ್ಯ ಔನ್ಸ್ ಎಂದು ಭಾವಿಸಿ ಗುಣಿಸಿದರೆ 113.4 ಟನ್ ಬಂದು, 11 ಟನ್ ಚಿನ್ನ ಕಾಗದದ ಮೇಲೆಯೇ ಕರಗಿಹೋಗುತ್ತದೆ. ಗಣಿಯಿಂದ ಹೊರಬರುವ, ಡೋರೆ ಎಂಬ ಅರೆಶುದ್ಧ ಗಟ್ಟಿಯಲ್ಲಿ ಬೆಳ್ಳಿಯೂ ಬೆರೆತಿರುವುದರಿಂದ, ಕೊಟ್ಟಿರುವುದು ಗಟ್ಟಿಯ ತೂಕವೋ ಅದರೊಳಗಿನ ಶುದ್ಧ ಚಿನ್ನದ ತೂಕವೋ ಎಂಬುದನ್ನೂ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ರಫ್ತಿನ ಅಂಕಿಯನ್ನು ಉತ್ಪಾದನೆ ಎಂದು ಬಗೆಯುವಲ್ಲಿ. ಚಿನ್ನ ಜೇಬಿನಲ್ಲಿಯೇ ಗಡಿ ದಾಟಬಲ್ಲ ಸರಕು. ಘಾನಾದ ಪಕ್ಕದ ಟೋಗೊ ತನ್ನ ನೆಲದಿಂದ ತೆಗೆಯುವುದಕ್ಕಿಂತ ಬಹಳ ಹೆಚ್ಚು ಚಿನ್ನವನ್ನು ರಫ್ತು ಮಾಡಿರುವುದು ನೆರೆಯವರ ಚಿನ್ನ ಅಲ್ಲಿಗೆ ಹರಿದುಬಂದದ್ದರಿಂದ. ತೆರಿಗೆಯೂ ಈ ಹರಿವಿನ ದಿಕ್ಕನ್ನು ಬದಲಿಸುತ್ತದೆ. ಘಾನಾ 2019ರಲ್ಲಿ ಸಣ್ಣ ಗಣಿಗಾರರ ಚಿನ್ನದ ಮಾರಾಟಕ್ಕೆ ಶೇ 3ರ ತೆರಿಗೆ ಹಾಕಿದ ಮೇಲೆ ಅವರ ಪಾಲಿನ ಅಧಿಕೃತ ರಫ್ತು ಕುಸಿಯಿತು. 2022ರಲ್ಲಿ ಅದನ್ನು ಶೇ 1.5ಕ್ಕೆ ಇಳಿಸಲಾಯಿತು. ಆ ಕುಸಿತವನ್ನು ಕಂಡು ನೆಲದಲ್ಲಿ ಚಿನ್ನ ತೀರಿತು ಎಂದು ಬರೆದರೆ ದೊಡ್ಡ ತಪ್ಪಾಗುತ್ತದೆ. ಆದ್ದರಿಂದ ದೊಡ್ಡ ಗಣಿಗಳ ಉತ್ಪಾದನೆಗೂ, ಘಾನಾದಲ್ಲಿ ಗಲಾಮ್ಸೆ ಎಂದು ಕರೆಯುವ ಪರವಾನಗಿಯಿಲ್ಲದ ಅಗೆತವೂ ಸೇರಿದ ಕೈಗಣಿಗಾರಿಕೆಗೂ ಬೇರೆ ಬೇರೆ ಕಂಬಸಾಲು ಇಡಿ. ಕೈಗಣಿಗಾರಿಕೆಯ ಕಂಬಸಾಲಿನ ಮೇಲೆ ‘ಅಂದಾಜು’ ಎಂದು ಸ್ಪಷ್ಟವಾಗಿ ಬರೆದಿರಲಿ.

ಬಳಿಕ ಎಲ್ಲ ದೇಶಗಳಿಗೂ ಒಂದೇ ಆಧಾರ ವರ್ಷವನ್ನು ಆರಿಸಿ, ಆ ವರ್ಷದ ಉತ್ಪಾದನೆಯನ್ನು 100 ಎಂದು ಇಟ್ಟುಕೊಳ್ಳಿ. ಉದಾಹರಣೆಗೆ, 40 ಟನ್ನಿನಿಂದ 60ಕ್ಕೆ ಏರಿದ ದೇಶದ ಸೂಚ್ಯಂಕ 150 ಆದರೆ, 100ರಿಂದ 120ಕ್ಕೆ ಏರಿದ ದೇಶದ್ದು 120 ಮಾತ್ರ; ಏರಿಕೆ ಎರಡರಲ್ಲಿಯೂ 20 ಟನ್ನೇ. ದೊಡ್ಡ ಗಣಿಯೊಂದು ಮುಚ್ಚಿದ ವರ್ಷವನ್ನು ಆಧಾರವಾಗಿ ಹಿಡಿಯಬೇಡಿ.

ಕಾರಣಗಳನ್ನು ಕೊನೆಯಲ್ಲಿ ಹುಡುಕಿದರೆ ಸಾಕು. ಬೆಲೆ ಏರಿದರೆ ಉತ್ಪಾದನೆಯೂ ಏರುತ್ತದೆ ಎಂಬ ಊಹೆ ಯಾವಾಗಲೂ ನಿಲ್ಲುವುದಿಲ್ಲ. 1970ರಲ್ಲಿ ಸುಮಾರು 1,000 ಟನ್ ತೆಗೆದ ದಕ್ಷಿಣ ಆಫ್ರಿಕಾದಲ್ಲಿ, ಆ ದಶಕದಲ್ಲಿ ಬೆಲೆ ಜಿಗಿದಾಗ ಗಣಿಗಳು ಚಿನ್ನದ ಅಂಶ ಕಡಿಮೆಯಿರುವ ಅದಿರಿನತ್ತ ತಿರುಗಿ, ಉತ್ಪಾದನೆ ಇಳಿಯಿತು. ಮಾಲಿಯ ಲೂಲೊ-ಗೌಂಕೊಟೊ ಗಣಿ 2025ರ ಜನವರಿಯಲ್ಲಿ ಸ್ಥಗಿತಗೊಂಡದ್ದು ಸರ್ಕಾರ ಮತ್ತು ಕಂಪನಿಯ ನಡುವಿನ ವಿವಾದದಿಂದ. ಇಂಥ ದಿನಾಂಕಗಳನ್ನು ರೇಖಾಚಿತ್ರದ ಮೇಲೆಯೇ, ಗೆರೆ ಬಾಗುವ ಜಾಗದಲ್ಲಿ ಗುರುತು ಹಾಕಿಡಿ.